ಪೆಟ್ಲುಪ್ಪು

ಮೂರನೇ ಘಟಕ: ಶಕ್ತಿ ಸಮತೋಲನ.
ಬೋರ್ಡಿನ ಮೇಲೆ ಒಂದು ತಕ್ಕಡಿ ಬರೆದೆ,
ಈ ತಟ್ಟೆಗೊಂದು ದೇಶ, ಆ ತಟ್ಟೆಗೊಂದು.
ಮುಳ್ಳು ಬರೆಯುವಷ್ಟರಲ್ಲಿ
ಬೀದರಿನ ಆಕಾಶ ಹಳೇ ಲುಂಗಿಯಂತೆ
ಪರ್ರನೆ ಹರಿಯಿತು.
ತರಬೇತಿ ವಿಮಾನ. ಬೆಳಿಗ್ಗೆಯಿಂದ ನಾಲ್ಕನೆಯದು.
ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ.
ಹನ್ನೊಂದು ಮಕ್ಕಳಲ್ಲಿ ಒಬ್ಬರೂ ಕಿಟಕಿಯತ್ತ ತಿರುಗಲಿಲ್ಲ,
ಮಳೆ ಬಂದರೆ ತಿರುಗುತ್ತಾರೆ.

ಸದ್ದು ತೀರಿದ ಮೇಲೆ ಹೇಳಿದೆ:
"ಶಾಂತಿ ಅಂದರೆ ಯುದ್ಧ ಇಲ್ಲದಿರುವುದು.
ಎರಡು ಅಂಕಕ್ಕೆ ಇಷ್ಟು ಸಾಕು, ಐದಕ್ಕೆ ಸಾಲದು."
ಧೂಳಪ್ಪ ಎಲ್ಲವನ್ನೂ ಬರೆದುಕೊಂಡ,
ಸಾಲದು ಎಂಬುದನ್ನೂ.

ಕೊನೇ ಬೆಂಚಿನ ಸಬೀಹಾ ಬರೆಯಲಿಲ್ಲ.
ಉಗುರ ಸಂದಿಯಲ್ಲಿ ಸೋಪಿಗೆ ಬಗ್ಗದ ಕಪ್ಪು;
ಬಿದರಿ ಕೆಲಸದವರ ಮನೆ.
"ಹಡಗು ನಿಂತದರಿ ಸರ್" ಅಂದಳು.
"ಯಾವ ಹಡಗು?"
"ನಮ್ಮದು."

ತರಗತಿ ನಕ್ಕಿತು. ಬಾವಿ ಬಗ್ಗಿ ನೋಡಿಯೇ
ಸಮುದ್ರ ಊಹಿಸಬೇಕಾದ ಊರು ಇದು.
ನಲವತ್ತು ಸುರಾಹಿ, ಒಣಹುಲ್ಲು ಸುತ್ತಿ,
ಯಾವುದೋ ಬಂದರಿನ ಕಬ್ಬಿಣದ ಪೆಟ್ಟಿಗೆಯೊಳಗೆ.
ಆಚೆ, ಕಿರಿದಾದ ನೀರಿನ ದಾರಿಯಲ್ಲಿ ಕ್ಷಿಪಣಿ.
ಹಡಗು ಆಫ್ರಿಕಾ ಸುತ್ತಿ ಹೋಗಬೇಕಂತೆ, ವಿಮೆ ಮೂರು ಪಟ್ಟಂತೆ,
ಮುಂಬಯಿಯ ಸೇಟ್ ಫೋನೇ ಎತ್ತುವುದಿಲ್ಲವಂತೆ.
"ಮತ್ತ ಬೆಳ್ಳಿ ಏರ್ಯದ. ಹೆದರಿದ ಮಂದಿ
ಬೆಳ್ಳಿ ತಗೊಂಡು ಇಟ್ಕೋತಾರಂತ್ರಿ ಸರ್.
ನಾವು ಹೆದರಿದ್ರ ಏನ್ ತಗೋಬೇಕ್ರಿ?"

ಪಠ್ಯದಲ್ಲಿ ಇದಕ್ಕೊಂದು ಹೆಸರಿದೆ: ಪರಸ್ಪರ ಅವಲಂಬನೆ.
ವ್ಯಾಪಾರವಿದ್ದಲ್ಲಿ ಜಗಳ ಕಡಿಮೆ, ಎಂಬುದು ವಾದ.
ಧೂಳಪ್ಪ ಎದ್ದ: "ನಮ್ಮ ಕಾಕಾನೂ ಗಂಜಿನ ಅಡತ್ಯಾನೂ
ಮೂವತ್ತು ವರ್ಷ ವ್ಯಾಪಾರ ಮಾಡಿ
ಹೋದ ದಸರಾಕ್ಕ ತಲಿ ಒಡಕೊಂಡ್ರು ಸರ್."
"ಆಮೇಲೆ?"
"ಪಟ್ಟಿ ಕಟ್ಕೊಂಡೇ ಹೋಗಿ ಉದ್ದು ಅವನಿಗೇ ಹಾಕಿ ಬಂದ."

ನಾನು ಅತಿಥಿ ಉಪನ್ಯಾಸಕ. ವರ್ಷಕ್ಕೊಮ್ಮೆ
ನವೀಕರಿಸುವ ಒಪ್ಪಂದ, ಬಲವಿದ್ದವರು ಬರೆದದ್ದು.
"ಆ ಯುದ್ಧದಲ್ಲಿ ನಾವಿಲ್ಲ, ನಾವು ತಟಸ್ಥ" ಎಂದೆ.
ಎಂದ ಮೇಲೆ ಆ ಪದವೇ ನನ್ನನ್ನು ನೋಡತೊಡಗಿತು.
ತಟಸ್ಥ: ದಡದ ಮೇಲೆ ನಿಂತವನು.
ದಡವೇ ಇಲ್ಲದ ಊರಲ್ಲಿ ಎಲ್ಲಿ ನಿಲ್ಲುವುದು?

ಭಾನುವಾರ ಚೌಬಾರಾದ ಹಿಂದಿನ ಓಣಿಗೆ ಹೋದೆ.
ಸಬೀಹಾಳ ಅಬ್ಬಾ, ಮುನವ್ವರ್ ಮಿಸ್ತ್ರಿ,
ಹೂಜಿಯ ಕೊರಳಿಗೆ ಬೆಳ್ಳಿ ತಂತಿ ಬಡಿಯುತ್ತಿದ್ದರು.
ಆರ್ಡರು ಇಲ್ಲದ ಹೂಜಿ.
"ಕೈ ಸುಮ್ ಇರಂಗಿಲ್ರಿ."
ಒಲೆಯ ಮೇಲೆ ನೀರು, ನೀರಿಗೆ ನವಸಾಗರ
(ಸಾಗರ ಅಂತ ಈ ಓಣಿಯಲ್ಲಿ ಇರುವುದು
ಆ ಪುಡಿಯ ಹೆಸರಲ್ಲಿ ಮಾತ್ರ),
ಆಮೇಲೆ ಒಂದು ಹಿಡಿ ಕೋಟೆಯ ಮಣ್ಣು.
ಅದ್ದಿದ ಸತು ಕಪ್ಪಾಯಿತು, ಕಾಡಿಗೆಯಷ್ಟು;
ಬೆಳ್ಳಿ ಮಾತ್ರ ಕೇಳಿಸಿಕೊಳ್ಳಲೇ ಇಲ್ಲ.

"ಬಿಸಿಲು ಕಾಣದ, ಮಳಿ ಮುಟ್ಟದ ಕೋಣಿ ಮಣ್ಣು.
ಇದರಾಗ ಪೆಟ್ಲುಪ್ಪು ಅದ.
ನಮ್ಮ ಮುತ್ತಜ್ಜ ಹೇಳ್ತಿದ್ರಂತ, ಅಲ್ಲಿ ಮದ್ದಿನ ಮನಿ ಇತ್ತು,
ತೋಪಿನ ಹೊಟ್ಟಿಗಿ ಇದನ್ನೇ ತುಂಬ್ತಿದ್ರು.
ತೋಪು ತಣ್ಣಗಾದ್ವು. ಮಣ್ಣು ನಮಗ ಉಳೀತು.
ಖರೇನೋ ಸುಳ್ಳೋ, ಅಲ್ಲಾಗೇ ಗೊತ್ತು."

ಚಿಟಿಕೆ ತೆಗೆದು ತಾವು ನಾಲಿಗೆಗಿಟ್ಟರು,
ಮಣ್ಣಿನ ಪರೀಕ್ಷೆ ಹಾಗೆಯೇ.
ನನ್ನ ಅಂಗೈಗೂ ಇಷ್ಟು.
ಮೊದಲು ಉಪ್ಪು. ಆಮೇಲೆ ಕಹಿ.
ಆಮೇಲೆ, ಯಾವ ಘಟಕದಲ್ಲೂ ಬರೆಯದ ಒಂದು ತಂಪು.

"ಈಗ ಉಗುಳ್ರಿ ಸರ್" ಅಂದಳು ಸಬೀಹಾ, ನೀರಿನ ಲೋಟ ಹಿಡಿದು.
ನಾನು ಆಗಲೇ ನುಂಗಿದ್ದೆ.