ಬಾಕಿ

ಮೂರು ತಿಂಗಳ ಬಾಡಿಗೆ ನುಂಗಿ
ರಾತ್ರೋರಾತ್ರಿ ಹೋದ ಮರಿಲಿಂಗು
ಗುತ್ತಲು ರೋಡಿನ ನಮ್ಮ ಹಿಂದಿನ ರೂಮಲ್ಲಿ
ಬಿಟ್ಟದ್ದು ಒಂದು ಚಾಪೆ,
ಗಾಜಿನ ತೊಟ್ಟಿಯಲ್ಲಿ ಜೋಡಿ ಏಂಜಲ್ ಮೀನು.

ಬೋರ್ಡು ಮತ್ತೆ ತೂಗುಹಾಕಲಿಲ್ಲ.
ಮಂಚವಿದ್ದ ಕಡೆ ಕಬ್ಬಿಣದ ಸ್ಟ್ಯಾಂಡು,
ಹನ್ನೊಂದು ತೊಟ್ಟಿ, ಗೊರಗೊರ ಪಂಪು.
ನಲ್ಲಿ ನೀರನ್ನು ಡ್ರಮ್ಮಲ್ಲಿ ಎರಡು ದಿನ ಇಟ್ಟು ಹುಯ್ಯುತ್ತೇನೆ.
‘ಮೀನಿಗೂ ಮಡಿನೀರಾ?’
ಎದುರು ಮನೆಯ ಸಾಕಮ್ಮ.

ಮಗಳ ಮುಕ್ಕಾದ ಸ್ಲೇಟು ಓರೆಯಾಗಿ ನಿಲ್ಲಿಸಿದ್ದೆ.
ನಿನ್ನೆ ಅದರ ತುಂಬ ಮೊಟ್ಟೆ,
ಅ ಆ ಬರುವ ಮುಂಚೆ
ಬರೀ ಸೊನ್ನೆ ಸುತ್ತಿದ ಹಾಗೆ.

ರಾತ್ರಿ ಕರೆಂಟು ಹೋಯಿತು.
ಚೊಂಬಲ್ಲಿ ಮೊಗೆದೆ, ಎತ್ತರದಿಂದ ಸುರಿದೆ,
ಮೊಗೆದೆ, ಸುರಿದೆ.
ಕತ್ತಲಲ್ಲೇ ಅವೆರಡೂ ಮೊಟ್ಟೆಗೆ
ರೆಕ್ಕೆ ಬೀಸುತ್ತಲೇ ಇದ್ದವು.

ಬೆಳಗ್ಗೆ ನೋಡಿದರೆ
ಸೀಮೆಸುಣ್ಣದಲ್ಲಿ ಗೋಡೆಗೆ ಬರೆದಿದ್ದ ಮರಿಲಿಂಗುವಿನ ಲೆಕ್ಕ
ಚಿಮ್ಮಿದ ನೀರಿಗೆ
ಅರ್ಧ ಇಳಿದಿತ್ತು.