ಇಟ್ಟದ್ದು, ಒಯ್ದದ್ದು

ಶಿಕೊಕುವಿನ ಈ ಬೆಟ್ಟದೂರಿಗೆ ಕಸದ ಗಾಡಿ ಬರುವುದಿಲ್ಲ.
ಜನರೇ ಇಳಿದು ಬರುತ್ತಾರೆ,
ತೊಳೆದ ಬಾಟಲಿ, ಬಿಚ್ಚಿದ ಮುಚ್ಚಳ,
ದಾರ ಕಟ್ಟಿದ ಹಳೇ ಪೇಪರು ಹೊತ್ತು.
ನಲವತ್ತೊಂದು ಡಬ್ಬಿ. ಹೊಸಬರು ತಬ್ಬಿಬ್ಬು:
ಹಲ್ಲುಜ್ಜುವ ಬ್ರಷ್ಷು ಎಲ್ಲಿಗೆ? ಒಡೆದ ಕನ್ನಡಿ?
ನಾನು ಬೆರಳು ತೋರಿಸುವವಳು, ಅಷ್ಟೇ.

ಕೊನೆಯ ಕಪಾಟು ಮಾತ್ರ ಬೇರೆ:
ಬೇಡದವರು ಇಡಬಹುದು, ಬೇಕಾದವರು ಒಯ್ಯಬಹುದು.
ದುಡ್ಡಿಲ್ಲ. ತೂಗಿ ಬರೆದರೆ ಸಾಕು.

ಮಂಗಳವಾರ ತೊಕುಜಿ-ಸಾನ್ ತಂದರು
ಹೆಂಡತಿಯ ಕಬ್ಬಿಣದ ಕೆಟಲು.
"ಒಬ್ಬನ ಚಹಾಕ್ಕೆ ಇಷ್ಟು ದೊಡ್ಡದೇಕೆ?"
ಬರೆದೆ: ಇಟ್ಟದ್ದು, ಸಾವಿರದ ನಾನೂರು ಗ್ರಾಂ.

ಬುಧವಾರ ಯಾರೂ ಮುಟ್ಟಲಿಲ್ಲ.
ಗುರುವಾರ ಮಳೆ, ಒಬ್ಬರೂ ಇಳಿಯಲಿಲ್ಲ;
ಕೈ ಸುಮ್ಮನಿರದೆ ನಾರಿನ ಬ್ರಷ್ಷು ಹಿಡಿಯಿತು.

ಶುಕ್ರವಾರ ಬಂದರು. ಕೈಯಲ್ಲಿ ಕಸವಿಲ್ಲ.
ಸಂತೆಯಲ್ಲಿ ಆರಿಸುವವರ ಹಾಗೆ
ಅದನ್ನೆತ್ತಿ, ಇದನ್ನೆತ್ತಿ,
ಯಾರದೋ ಛತ್ರಿ ಬಿಚ್ಚಿ, ಮಡಚಿ,
ಕೊನೆಗೆ ಕೆಟಲನ್ನು ತಂದು ತಕ್ಕಡಿಗಿಟ್ಟರು.

ಬರೆದೆ: ಒಯ್ದದ್ದು, ಸಾವಿರದ ಮುನ್ನೂರ ಎಂಬತ್ತು.
"ಇಪ್ಪತ್ತು ಕಮ್ಮಿ," ಅಂದರು,
ಮುಚ್ಚಳ ಎತ್ತಿ ಒಳಗೆ ನೋಡುತ್ತ.
"ತುಕ್ಕಿಗೆ ಯಾವ ಡಬ್ಬಿ?"

ನಲವತ್ತೊಂದನ್ನೂ ಮನಸ್ಸಲ್ಲೇ ಸುತ್ತಿದೆ.
ಬೆರಳು ಏಳಲಿಲ್ಲ.