ಬ್ಯಾಕ್ ನೋಡಲು ಹೋದದ್ದು

ಪೊನ್ನಂಪೇಟೆ ಟರ್ಫಿನ ಪಂಪು ಈ ವಾರವೂ ಕೆಟ್ಟಿದೆ.
ಇಬ್ಬನಿಯೇ ನೀರು. ಎಂಟರೊಳಗೆ ಮುಗಿಸಬೇಕು.
ಬಿಸಿಲೇರಿದರೆ ಚೆಂಡು ಹಾಸಿಗೆ ಅಂಟಿ ತೆವಳುತ್ತದೆ,
ಆಗ ಎಂಥ ಬ್ಯಾಕೂ
ಬುದ್ಧಿವಂತನಾಗಿ ಕಾಣುತ್ತಾನೆ.

ಲೀಗಿನವರು ಕೊಟ್ಟ ಫಾರಂ ತೊಡೆಯ ಮೇಲಿದೆ.
ಎತ್ತರ, ತೂಕ, ಮೂವತ್ತು ಮೀಟರಿಗೆ ಎಷ್ಟು ಸೆಕೆಂಡು,
ಕಸಿದ ಚೆಂಡು, ಕಳೆದ ಚೆಂಡು, ಹಸಿರು ಕಾರ್ಡು:
ಹದಿನಾರು ಕಾಲಂ.
ನನ್ನಜ್ಜ ಸಂತೆಯಲ್ಲಿ ಎತ್ತಿನ ಹಲ್ಲೆಣಿಸಿ, ಸುಳಿ ನೋಡಿ,
ಟವೆಲಿನಡಿ ದಲ್ಲಾಳಿಯ ಬೆರಳು ಹಿಸುಕಿ
ಬೆಲೆ ಕೂರಿಸುತ್ತಿದ್ದ.
ನನಗೆ ಟವೆಲೂ ಇಲ್ಲ. ಎಲ್ಲ ಫೋನಿನಲ್ಲೇ.
ಹಿಸುಕಲು ಬೆರಳೂ ಸರಿಯಿಲ್ಲ, ಬಲಗೈಯ ಎರಡು
ಹಳೆಯ ಒಂದು ಪೆನಾಲ್ಟಿ ಕಾರ್ನರಿನಲ್ಲೇ ಸೊಟ್ಟಗಾದವು.

ಮೊದಲನೆಯವನು ಮೊಣ್ಣಪ್ಪ, ಬಿಕಾಂ ಕೊನೆಯ ವರ್ಷ.
ಆರಡಿ ಎರಡಿಂಚು. ಹೊಡೆದರೆ ತೋಕಿನ ಸದ್ದು,
ಬೇಲಿಯಾಚೆ ಸಿಲ್ವರ್ ಓಕಿನಿಂದ ಕಾಗೆಗಳು ಏಳುತ್ತವೆ.
ಒಕ್ಕದ ಹದಿನಾಲ್ಕು ಜನ ಫ್ಲಾಸ್ಕು ಹಿಡಿದು ಬಂದಿದ್ದಾರೆ,
ಚಿಕ್ಕಪ್ಪನೊಬ್ಬ ನನ್ನ ಪೆನ್ನಿನ ತುದಿಯನ್ನೇ ನೋಡುತ್ತಾನೆ.
‘ಪುತ್ತರಿಗೆ ನಮ್ಮ ಮನೆಗೇ ಬನ್ನಿ’ ಎನ್ನುತ್ತಾನೆ,
ಹುಡುಗನ ಎತ್ತರ ನಾನು ಬರೆದುಕೊಂಡ ಮೇಲೆ.

ಎರಡನೆಯವನು ಸುಬ್ರು. ತಿತಿಮತಿ ಕಡೆಯ ಹಾಡಿ.
ಐದಡಿ ಆರು. ಫಾರಂನಲ್ಲಿ ಮನೆ ಹೆಸರಿನ ಜಾಗಕ್ಕೆ
ಹಾಸ್ಟೆಲಿನ ಗುಮಾಸ್ತ ಒಂದು ಗೀಟೆಳೆದಿದ್ದಾನೆ.
ಅವನನ್ನು ನೋಡಲು ಬಂದವರು: ನಾನು,
ಮತ್ತು ಗೋಲಿನ ಹಿಂದೆ ಮಲಗಿದ ಕಂದು ನಾಯಿ.

ಅರ್ಧ ಗಂಟೆ ಅವನು ಏನೂ ಮಾಡಲಿಲ್ಲ.
ಕಸಿದ ಚೆಂಡಿನ ಕಾಲಂ ಖಾಲಿ. ಕೋಲೆತ್ತಿದ್ದೂ ಕಡಿಮೆ.
ಆಮೇಲೆ ಹೊಳೆಯಿತು,
ಅವನ ಕಡೆಯಿಂದ ಯಾರೂ ಬರುತ್ತಿಲ್ಲ.
ಬಂದವನು ಬರುವ ಮೊದಲೇ ಈತ ಎರಡು ಹೆಜ್ಜೆ
ಆಚೆ ಸರಿದು ನಿಂತಿರುತ್ತಾನೆ, ಬಾಗಿಲ ಬಳಿಯ ಬೆಂಚಿನ ಹಾಗೆ;
ಬಂದವನು ಗೆರೆಯಂಚಿಗೆ ತಾನಾಗಿ ಹೋಗುತ್ತಾನೆ,
ಚೆಂಡು ತಾನಾಗಿ ಹೊರಗೆ.
ಮಾಡಗೊಡದೆ ಉಳಿಸಿದ್ದನ್ನು ಎಣಿಸುವುದು ಹೇಗೆ?

ಪೆನಾಲ್ಟಿ ಕಾರ್ನರ್. ಮುಖಗವಚ ಒಂದು ಕಡಿಮೆ.
ಮೊಣ್ಣಪ್ಪ ತನ್ನದನ್ನು ಬಿಚ್ಚಿ ಸುಬ್ರುಗೆ ಎಸೆದ.
(ಇದಕ್ಕೂ ಕಾಲಂ ಇಲ್ಲ. ಇರಬೇಕಿತ್ತು.)
ಮೊದಲು ಓಡುವವನು ಸುಬ್ರು. ಚೆಂಡು ಒಳಬಂದದ್ದೇ
ಗೋಲುಗೆರೆ ಬಿಟ್ಟ, ನೇರ ಕೋಲಿನ ಬಾಯಿಗೆ.
ಮೊಣಕಾಲ ಕೆಳಗೆ ಠಪ್ ಅಂದಿತು.
ಬಿದ್ದ, ಎದ್ದ, ಕಾಲು ನೋಡಿಕೊಳ್ಳಲಿಲ್ಲ,
ಚೆಂಡು ಎಲ್ಲಿ ಹೋಯಿತೆಂದು ನೋಡಿದ.
ನನ್ನ ಸೊಟ್ಟ ಬೆರಳು ಜೇಬಿನೊಳಗೆ ತಾನೇ ಮಡಚಿಕೊಂಡವು.

ಮುಗಿದ ಮೇಲೆ ಕರೆದು ಕೇಳಿದೆ: ‘ಹೇಗೆ ಗೊತ್ತಾಗ್ತದೆ ನಿಂಗೆ?’
ಒಪ್ಪಿಕೊಳ್ಳುತ್ತೇನೆ, ನನ್ನ ಮನಸ್ಸಿನಲ್ಲಿ ಉತ್ತರ ತಯಾರಿತ್ತು:
ಕಾಡು, ಬಿದಿರು, ಆನೆ ಬರುವ ಮುಂಚಿನ ಮೌನ.
ಅದನ್ನೇ ಬರೆದರೆ ಲೀಗಿನವರಿಗೂ ಖುಷಿ, ಪೋಸ್ಟರಿಗೂ ಆಗುತ್ತದೆ.
ಅವನು ಸಾಕ್ಸು ಕೆಳಗೆಳೆದು ಊತ ಒತ್ತಿ ನೋಡುತ್ತ ಅಂದ:
‘ಎಡಕ್ಕೆ ತಿರುಗೋನಿಗೆ ಬಲಗಾಲಿನ ಹಿಮ್ಮಡಿ ಮೊದಲು ಏಳ್ತದೆ ಸಾರ್.
ಚೆಂಡು ಸುಳ್ಳು ಹೇಳ್ತದೆ. ಹಿಮ್ಮಡಿ ಹೇಳಲ್ಲ.
ಮೊಣ್ಣಪ್ಪಣ್ಣಂಗೂ ಹೇಳ್ಕೊಟ್ಟಿದೀನಿ, ಅವ್ರು ಮರೀತಾರೆ.’

ಹದಿಮೂರು ವರ್ಷ ಆಡಿದೆ ನಾನು, ರೆಜಿಮೆಂಟಿಗೆ, ರಾಜ್ಯಕ್ಕೆ.
ಒಬ್ಬನ ಹಿಮ್ಮಡಿಯನ್ನೂ ನೋಡಿರಲಿಲ್ಲ.

ಬೆಲೆ ಮೊಣ್ಣಪ್ಪನಿಗೇ ಹೆಚ್ಚು ಬರುತ್ತದೆ, ಗೊತ್ತಿದೆ.
ತಪ್ಪೇನಲ್ಲ, ಆ ಹೊಡೆತಕ್ಕೆ ದುಡ್ಡು ಕೊಡಬೇಕಾದದ್ದೇ.
ಷರಾ ಎಂದು ಕೊನೆಯಲ್ಲಿ ಒಂದಿಂಚು ಜಾಗ ಬಿಟ್ಟಿದ್ದಾರೆ.
ಸುಬ್ರುವಿನ ಹಾಳೆಯಲ್ಲಿ ಬರೆದೆ: ಹಿಮ್ಮಡಿ ನೋಡುತ್ತಾನೆ.
ನಾಳೆ ಫೋನು ಬರುತ್ತದೆ,
‘ಹಿಮ್ಮಡಿಗೆ ಏನಾಗಿದೆ? ಡಾಕ್ಟರಿಗೆ ತೋರಿಸಿದ್ದಾರಾ?’

ಜೀಪು ಹತ್ತುವಾಗ ಪಂಪಿನವನು ಬಂದ, ಸ್ಪ್ಯಾನರು ಹಿಡಿದು,
ಹತ್ತು ಗಂಟೆಗೆ.
ಅಷ್ಟು ದೂರದಿಂದಲೂ ನಾನು
ಅವನ ಹಿಮ್ಮಡಿಯನ್ನೇ ನೋಡುತ್ತಿದ್ದೆ.